ಮಳೆ ಹಿಡಿಯುವ ಮೊದಲು ಕಾರಿನ ದೀಪದ ಕಪ್ಪು ತೆಗೆಯಿರಿ

ಮಾನ್ಯ ಸಂಪಾದಕರೇ,

ಮಂಗಳೂರು, ಉಡುಪಿ ಕಡೆ ಕಾರಿನ ಹಿಂದಿನ ದೀಪಗಳಿಗೆ ಕಪ್ಪು ಹೊದಿಸುವುದು ಈಗ ಮನೆಯಂಗಳದ ಕೆಲಸವಾಗಿದೆ. ಆನ್‌ಲೈನಲ್ಲಿ ತರಿಸಿದ ಒಂದು ಸುರುಳಿ ಸ್ಮೋಕ್ ಫಿಲ್ಮ್, ಒಂದು ಬ್ಲೇಡು, ಮನೆಯ ಹೇರ್ ಡ್ರೈಯರ್ ಇದ್ದರೆ ಭಾನುವಾರ ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಮುಗಿಸಬಹುದು. ಇನ್ನು ಕೆಲವರು ಡಬ್ಬಿಯ ಟಿಂಟ್ ಸ್ಪ್ರೇ ಹೊಡೆಯುತ್ತಾರೆ. ಬಿಳಿ ಕಾರಿಗೆ ಕಪ್ಪು ದೀಪ ಒಪ್ಪುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ದೀಪದ ಒಳಗೆ ಏನು ನಡೆಯುತ್ತದೆ ಎಂದು ತಿಳಿದವರು ಯಾರೂ ಈ ಕರಾವಳಿಯ ಮಳೆಯಲ್ಲಿ ಹಾಗೆ ಮಾಡಲಾರರು. ಕೈಯಲ್ಲಿ ಕೆಲಸ ಮಾಡುವ ಆಸೆ ಇರುವವರಿಗೆ ಅದೇ ಕಾರಿನ ಮುಂಭಾಗದಲ್ಲಿ, ಹಳದಿಗಟ್ಟಿದ ಹೆಡ್‌ಲೈಟಿನಲ್ಲಿ, ಇದಕ್ಕಿಂತ ಒಳ್ಳೆಯ ಕೆಲಸ ಕಾದಿದೆ. ಎರಡರ ಬಗ್ಗೆಯೂ ವಿವರವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪ್ರಕಟಿಸಿ.

ಮೊದಲು ಹಿಂದಿನ ದೀಪ. ಎಲ್‌ಇಡಿ ಇಲ್ಲದ ಬಹಳಷ್ಟು ಕಾರುಗಳಲ್ಲಿ ಟೈಲ್ ಲೈಟಿಗೂ ಬ್ರೇಕ್ ಲೈಟಿಗೂ ಇರುವುದು ಒಂದೇ ಬಲ್ಬು. ಅದನ್ನು ಹೋಲ್ಡರಿನಿಂದ ತಿರುಗಿಸಿ ತೆಗೆದು ಬೆಳಕಿಗೆ ಹಿಡಿದರೆ ಗಾಜಿನೊಳಗೆ ಎರಡು ಫಿಲಮೆಂಟು ಕಾಣುತ್ತವೆ. ಒಂದು 5 ವ್ಯಾಟಿನದು, ರಾತ್ರಿ ಲೈಟು ಹಾಕಿದಾಗ ಉರಿಯುವುದು. ಇನ್ನೊಂದು 21 ವ್ಯಾಟಿನದು, ಬ್ರೇಕ್ ಒತ್ತಿದಾಗ ಉರಿಯುವುದು. ಬುಡದಲ್ಲಿ ಎರಡು ಪಿನ್ನುಗಳಿದ್ದು, ಒಂದು ಮೇಲೆ ಒಂದು ಕೆಳಗೆ ಇರುತ್ತದೆ. ತಲೆಕೆಳಗಾಗಿ ಕೂರಬಾರದೆಂದೇ ಆ ವ್ಯವಸ್ಥೆ. ಹಿಂದೆ ಬರುವ ಚಾಲಕನಿಗೆ ‘ಮುಂದಿನ ಕಾರು ನಿಲ್ಲುತ್ತಿದೆ’ ಎಂದು ತಿಳಿಸುವುದು ಬರೀ ಕೆಂಪು ಬಣ್ಣವಲ್ಲ, 5 ವ್ಯಾಟಿನ ಫಿಲಮೆಂಟಿನಿಂದ 21 ವ್ಯಾಟಿನದಕ್ಕೆ ಬೆಳಕು ಒಮ್ಮೆಲೇ ಏರುವ ಆ ನೆಗೆತ.

ಇದರ ಮೇಲೆ ಶೇ 35ರಷ್ಟು ಮಾತ್ರ ಬೆಳಕು ಬಿಡುವ ಫಿಲ್ಮ್ ಅಂಟಿಸಿದರೆ ಏನಾಗುತ್ತದೆ? 21 ವ್ಯಾಟಿನ ಬ್ರೇಕ್ ಲೈಟಿನ ಬೆಳಕಿನಲ್ಲಿ ಹೊರಗೆ ಬರುವುದು ಮೂರನೇ ಒಂದು ಭಾಗದಷ್ಟು ಮಾತ್ರ. ಪಕ್ಕದಲ್ಲಿ ಸಾಗುತ್ತಿರುವ ಮಾಮೂಲಿ ಕಾರಿನ ಬ್ರೇಕ್ ಲೈಟಿನ ಮುಂದೆ ಅದು ತೀರ ಮಂಕು. ಬಿಸಿಲಿನಲ್ಲಿ, ಮಳೆಯಲ್ಲಿ ಇವರು ಬ್ರೇಕ್ ಒತ್ತಿದ್ದು ಹಿಂದಿನ ಚಾಲಕನಿಗೆ ತಿಳಿಯಲು ತಡವಾಗಬಹುದು. ಪಡುಬಿದ್ರಿಯಿಂದ ಕಾಪುವಿನ ಕಡೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಒಂದು ಸೆಕೆಂಡು ಅನುಮಾನಿಸಿದರೂ ಐದು ಕಾರುಗಳ ಉದ್ದ ಕಳೆದುಹೋಯಿತು. ಒದ್ದೆ ರಸ್ತೆಯಲ್ಲಿ, ಮುಂದೆ ಹೋಗುವ ಟ್ಯಾಂಕರಿನ ಚಕ್ರ ಎರಚುವ ನೀರಿನ ಪರದೆಯಲ್ಲಿ ಆ ಉದ್ದ ಬಹಳ ದೊಡ್ಡದು.

ಇಲ್ಲಿ ಒಂದು ಮೋಸವಿದೆ. ಫಿಲ್ಮ್ ಅಂಟಿಸಿದವರು ರಾತ್ರಿ ಪೋರ್ಟಿಕೊದಲ್ಲಿ ಕಾರು ನಿಲ್ಲಿಸಿ, ಮನೆಯವರಿಂದ ಬ್ರೇಕ್ ಒತ್ತಿಸಿ ನೋಡುತ್ತಾರೆ. ಕತ್ತಲಲ್ಲಿ ಅದು ಚೆನ್ನಾಗಿಯೇ ಉರಿಯುತ್ತದೆ. ಪರೀಕ್ಷೆ ಮಾಡಬೇಕಾದ್ದು ಮಧ್ಯಾಹ್ನ 12 ಗಂಟೆಗೆ, ಬಿಸಿಲು ದೀಪದ ಮೇಲೇ ಬೀಳುವಂತೆ ಕಾರು ನಿಲ್ಲಿಸಿ, 50 ಹೆಜ್ಜೆ ಹಿಂದೆ ಹೋಗಿ. ಒತ್ತಿದ್ದಾರೋ ಬಿಟ್ಟಿದ್ದಾರೋ ಎಂದು ಕೇಳಿ ತಿಳಿಯಬೇಕಾಗಿ ಬಂದರೆ ಆ ಫಿಲ್ಮ್ ಅಂದೇ ಕಿತ್ತುಬಿಡಬೇಕು. ‘ಹಿಂದಿನ ಗಾಜಿನ ಮೇಲ್ಗಡೆ ಮೂರನೇ ಬ್ರೇಕ್ ಲೈಟು ಇದೆಯಲ್ಲ’ ಎನ್ನುವವರಿದ್ದಾರೆ. ಅದು ನಡುವಿನಲ್ಲಿ ಇರುವ ಒಂದೇ ದೀಪ. ಕಾರಿನ ಅಗಲ ಎಷ್ಟು, ದೂರ ಎಷ್ಟು ಎಂದು ಅದರಿಂದ ಅಂದಾಜಾಗುವುದಿಲ್ಲ. ಎರಡು ಬದಿಯ ದೀಪಗಳ ನಡುವಿನ ಅಂತರ ನೋಡಿಯೇ ಕಣ್ಣು ದೂರವನ್ನು ಅಳೆಯುವುದು.

ದೀಪಕ್ಕಿಂತಲೂ ಹೆಚ್ಚು ಪೆಟ್ಟು ತಿನ್ನುವುದು ರಿಫ್ಲೆಕ್ಟರು. ಹಿಂದಿನ ದೀಪದ ಮನೆಯೊಳಗೋ ಬಂಪರಿನ ಮೂಲೆಯಲ್ಲೋ ಕೆಂಪು ಪಟ್ಟಿಯಂತೆ ಇರುವುದು ಅದು. ದೀಪದ ಬೆಳಕು ಫಿಲ್ಮ್ ದಾಟುವುದು ಒಂದು ಸಲ. ರಿಫ್ಲೆಕ್ಟರಿಗೆ ಹಿಂದಿನ ವಾಹನದ ಬೆಳಕು ಒಳಗೆ ಹೋಗುವಾಗ ಒಂದು ಸಲ, ಮರಳಿ ಬರುವಾಗ ಇನ್ನೊಂದು ಸಲ ದಾಟಬೇಕು. ಶೇ 50 ಬೆಳಕು ಬಿಡುವ ಫಿಲ್ಮ್ ಆದರೆ ಅರ್ಧದಲ್ಲಿ ಅರ್ಧ, ಅಂದರೆ ಉಳಿಯುವುದು ಶೇ 25. ಶೇ 35ರದ್ದಾದರೆ ಶೇ 12 ಮಾತ್ರ. ಶಿರಾಡಿ ಘಾಟಿಯಲ್ಲಿ ಬ್ಯಾಟರಿ ಸತ್ತು, ಒಂದೂ ದೀಪ ಉರಿಯದೆ ರಸ್ತೆ ಬದಿ ನಿಂತ ಕಾರಿಗೆ ಉಳಿಯುವ ರಕ್ಷಣೆ ಆ ಎರಡು ಕೆಂಪು ಪಟ್ಟಿಗಳೇ. ಆದ್ದರಿಂದ ಏನು ಬಿಟ್ಟರೂ ಸರಿ, ರಿಫ್ಲೆಕ್ಟರಿನ ಮೇಲೆ ಒಂದು ಚೂರೂ ಹೊದಿಸಬೇಡಿ.

ಕಾನೂನಿನ ಬಗ್ಗೆ ಎರಡು ಮಾತು, ಏಕೆಂದರೆ ಅಂಗಡಿಗಳಲ್ಲಿ ತಪ್ಪು ಮಾಹಿತಿ ಓಡಾಡುತ್ತಿದೆ. ‘ಶೇ 50ರವರೆಗೆ ಪರವಾಗಿಲ್ಲ’ ಎನ್ನುವುದು ಕಾರಿನ ಪಕ್ಕದ ಕಿಟಕಿ ಗಾಜಿನ ಲೆಕ್ಕ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೇ ನಿಯಮದಲ್ಲಿ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70, ಪಕ್ಕದ ಗಾಜು ಕನಿಷ್ಠ ಶೇ 50 ಬೆಳಕು ಬಿಡಬೇಕು ಎಂದು ಬಂದಿರುವುದು ಅದು. ದೀಪಗಳಿಗೂ ಅದಕ್ಕೂ ಸಂಬಂಧವಿಲ್ಲ. ದೀಪಗಳ ಮಾತು ಬರುವುದು 105ನೇ ನಿಯಮದಲ್ಲಿ: ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು, ನಂಬರ್ ಪ್ಲೇಟು ಬಿಳಿ ಬೆಳಕಿನಲ್ಲಿ 15 ಮೀಟರ್ ದೂರದಿಂದ ಓದಲು ಸಿಗಬೇಕು. 155 ಮೀಟರ್ ಎಂದರೆ ದೊಡ್ಡ ಹೆಜ್ಜೆಯಲ್ಲಿ 200ಕ್ಕೂ ಮೇಲೆ. ಇನ್ನು, ಅನುಮತಿ ಇಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ 2019ರ ತಿದ್ದುಪಡಿಯ 182ಎ ಕಲಂ ಪ್ರಕಾರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಬೀಳಬಹುದು.

ಕಪ್ಪು ಮಾಡಿದ ಮೇಲೆ ಬೆಳಕು ಸಾಲದೆಂದು ಹೆಚ್ಚು ವ್ಯಾಟಿನ ಬಲ್ಬು ಹಾಕುವುದು ಎರಡನೇ ತಪ್ಪು. ಕಪ್ಪು ಪದರ ತಡೆದ ಬೆಳಕು ಮಾಯವಾಗುವುದಿಲ್ಲ, ಅಲ್ಲೇ ಬಿಸಿಯಾಗುತ್ತದೆ. ಹೋಲ್ಡರಿನ ಪ್ಲಾಸ್ಟಿಕ್ ಮೆತ್ತಗಾಗಿ ಬಲ್ಬು ವಾಲುತ್ತದೆ, ಒಳಗಿನ ಬೆಳ್ಳಿ ಲೇಪ ಕಂದುತ್ತದೆ. 60/55 ವ್ಯಾಟಿನ ಹೆಡ್‌ಲೈಟಿಗೆ 100/90 ಹಾಕಿದರೆ ಹಿಂದಿನ ಮೂರು ಕಾಲಿನ ಸಾಕೆಟ್ ಕಪ್ಪಾಗಿ ಕರಗಿ ಅಂಟಿಕೊಳ್ಳುತ್ತದೆ. ಬಿಳಿ ಎಲ್‌ಇಡಿ ಬಲ್ಬನ್ನು ಕೆಂಪು ಗಾಜಿನ ಹಿಂದೆ ಹಾಕಿದರೂ ಪ್ರಯೋಜನ ಕಡಿಮೆ. ಅದರ ಬೆಳಕಿನಲ್ಲಿ ನೀಲಿ ಹೆಚ್ಚು, ಕೆಂಪು ಕಡಿಮೆ, ಆದ್ದರಿಂದ ಪೇಲವ ಗುಲಾಬಿಯಾಗಿ ಕಾಣುತ್ತದೆ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದರೆ ಕರೆಂಟು ಕಡಿಮೆ ಎಳೆಯುವುದರಿಂದ ‘ಬಲ್ಬು ಸುಟ್ಟಿದೆ’ ಎಂದು ಫ್ಲಾಷರ್ ತಿಳಿದು ಟಿಕ್‌ಟಿಕ್ ಎಂದು ಎರಡು ಪಟ್ಟು ವೇಗದಲ್ಲಿ ಬಡಿಯುತ್ತದೆ.

ಈಗಾಗಲೇ ಫಿಲ್ಮ್ ಅಂಟಿಸಿದವರು ಅದನ್ನು ತೆಗೆಯುವುದು ಕಷ್ಟವಲ್ಲ. ಹೇರ್ ಡ್ರೈಯರನ್ನು ಒಂದು ಗೇಣು ದೂರದಲ್ಲಿ ಆಡಿಸುತ್ತಾ ಒಂದೆರಡು ನಿಮಿಷ ಬಿಸಿ ಮಾಡಿ. ಅಂಗೈ ಇಟ್ಟರೆ ಬಿಸಿ ಎನಿಸಬೇಕು, ಆದರೆ ಕೈ ಎಳೆದುಕೊಳ್ಳುವಷ್ಟು ಅಲ್ಲ. ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಫಿಲ್ಮನ್ನು ನಿಮ್ಮ ಕಡೆಗೆ ನೇರ ಎಳೆಯದೆ ಗಾಜಿಗೆ ತಾಗಿಕೊಂಡೇ ಹಿಂದಕ್ಕೆ ಮಡಚಿದಂತೆ ನಿಧಾನ ಎಳೆಯಬೇಕು. ನೇರ ಎಳೆದರೆ ಫಿಲ್ಮ್ ಮಾತ್ರ ಬಂದು ಅಂಟು ಅಲ್ಲೇ ಉಳಿಯುತ್ತದೆ. ಉಳಿದ ಅಂಟಿಗೆ ತೆಂಗಿನೆಣ್ಣೆ ಸಾಕು: ಹತ್ತಿಯಲ್ಲಿ ಹಚ್ಚಿ 20 ನಿಮಿಷ ಬಿಟ್ಟು, ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿ, ಆಮೇಲೆ ಶಾಂಪೂ ನೀರಿನಲ್ಲಿ ಜಿಡ್ಡು ಹೋಗುವವರೆಗೆ ತೊಳೆಯಿರಿ. ಬ್ಲೇಡು ಬೇಡ.

ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಮಾತ್ರ ಹತ್ತಿರ ತರಬೇಡಿ. ಹಿಂದಿನ ದೀಪದ ಗಾಜು ಎಂದು ನಾವು ಕರೆಯುವುದು ನಿಜವಾಗಿ ಅಕ್ರಿಲಿಕ್ ಪ್ಲಾಸ್ಟಿಕ್. ಥಿನ್ನರ್ ತಾಗಿದ ಕೆಲವೇ ನಿಮಿಷಗಳಲ್ಲಿ ಅದರಲ್ಲಿ ಜೇಡನ ಬಲೆಯಂಥ ಸಣ್ಣ ಬಿರುಕುಗಳು ಏಳುತ್ತವೆ. ಅವು ಮೇಲ್ಮೈಯವಲ್ಲ, ಒಳಗೆ ಇಳಿದಿರುತ್ತವೆ, ಎಷ್ಟು ಪಾಲಿಶ್ ಮಾಡಿದರೂ ಹೋಗುವುದಿಲ್ಲ. ಹೊಸ ದೀಪವೇ ಗತಿ. ಸ್ಪಿರಿಟ್ ಕೂಡ ಅಕ್ರಿಲಿಕ್‌ಗೆ ಒಳ್ಳೆಯದಲ್ಲ.

ಸ್ಪ್ರೇ ಹೊಡೆದವರಿಗೆ ಕೆಲಸ ಹೆಚ್ಚು. ಅದನ್ನು ನೀರು ಹಾಕಿ ಉಜ್ಜಿಯೇ ತೆಗೆಯಬೇಕು: 1000, 1500, 2000, 3000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಬಳಸುವ ಉಜ್ಜುಕಾಗದ; ನಂಬರ್ ಹೆಚ್ಚಾದಷ್ಟೂ ನುಣುಪು), ಕೊನೆಗೆ ಪ್ಲಾಸ್ಟಿಕ್ ಪಾಲಿಶ್. ಕೆಂಪು ಬಣ್ಣ ಹೋಗಿಬಿಡುತ್ತದೆ ಎಂಬ ಭಯ ಬೇಡ, ಅದು ಪ್ಲಾಸ್ಟಿಕ್ಕಿನ ಮೈಯಲ್ಲೇ ಬೆರೆತಿರುತ್ತದೆ. ಗಾಜಿನ ಮೂಲೆಯಲ್ಲಿ ಉಬ್ಬಿದ ಸಣ್ಣ ಅಕ್ಷರ, ಅಂಕಿಗಳಿರುತ್ತವೆ. ಆ ದೀಪ ಪರೀಕ್ಷೆಯಲ್ಲಿ ಪಾಸಾಗಿದೆ ಎನ್ನುವ ಗುರುತು ಅದು. ಅದನ್ನು ಮಾತ್ರ ಉಜ್ಜಿ ಅಳಿಸಬೇಡಿ. ಸ್ಪ್ರೇಯ ಇನ್ನೊಂದು ದೋಷವೆಂದರೆ ಪದರದ ದಪ್ಪ ಕೈಯ ಹದದ ಮೇಲೆ ನಿಂತಿರುತ್ತದೆ. ಎಡಕ್ಕೆ ಎರಡು ಕೋಟು, ಬಲಕ್ಕೆ ಎರಡೂವರೆ ಬಿದ್ದರೆ ಎರಡು ದೀಪ ಎರಡು ಬಗೆಯಾಗಿ ಉರಿಯುತ್ತವೆ. ಹಿಂದಿನವನಿಗೆ ಒಂದು ಬಲ್ಬು ಹೋಗಿರುವ ಕಾರಿನಂತೆ ಕಾಣುತ್ತದೆ.

ತಾವು ಕೊಂಡ ಫಿಲ್ಮ್ ಎಷ್ಟು ಬೆಳಕು ನುಂಗುತ್ತದೆ ಎಂದು ಅಂಟಿಸುವ ಮೊದಲೇ ಅಳೆಯಬಹುದು. ‘ಲೈಟ್ ಸ್ಮೋಕ್’, ‘ಡಾರ್ಕ್ ಸ್ಮೋಕ್’ ಎಂಬ ಹೆಸರನ್ನು ನೆಚ್ಚಬೇಡಿ. ರಾತ್ರಿ ಕೋಣೆಯ ದೀಪ ಆರಿಸಿ, ಮೇಜಿನ ಮೇಲೆ ಒಂದು ಟಾರ್ಚ್, ಅದರಿಂದ ಅರ್ಧ ಮೀಟರ್ ದೂರದಲ್ಲಿ ಲಕ್ಸ್ ಮೀಟರ್ ಆ್ಯಪ್ ತೆರೆದ ಫೋನು ಇಡಿ. ಅಂಕಿ 400 ಬಂತು ಎಂದುಕೊಳ್ಳಿ. ನಡುವೆ ಫಿಲ್ಮ್ ಹಿಡಿದಾಗ 180ಕ್ಕೆ ಇಳಿದರೆ ಅದು ಬಿಡುವುದು ಶೇ 45. ಈ ಅಂಕಿಯನ್ನು ಕಣ್ಣಾರೆ ಕಂಡ ಮೇಲೆ ಬಹಳ ಮಂದಿ ಫಿಲ್ಮನ್ನು ಸುರುಳಿ ಸುತ್ತಿ ಇಡುತ್ತಾರೆಂಬ ನಂಬಿಕೆ ನನ್ನದು. ಕೆಂಪು ಫಿಲ್ಮನ್ನು ಇಂಡಿಕೇಟರಿನ ಮೇಲೆ ಎಳೆದರೆ ಹಳದಿ ಬೆಳಕಿನ ಬಣ್ಣವೇ ಕೆಡುತ್ತದೆ. ತಿರುಗುವ ಸೂಚನೆ ಬ್ರೇಕಿನಂತೆ ಕಾಣುವುದು ಇನ್ನೂ ಅಪಾಯ.

ಈಗ ಮುಂದಿನ ದೀಪಕ್ಕೆ ಬರೋಣ. ನಿಜವಾಗಿ ಕೈ ಹಾಕಬೇಕಾದ ಕೆಲಸ ಇದು.

ಹೆಡ್‌ಲೈಟಿನ ಮುಖ ಪಾಲಿಕಾರ್ಬೊನೇಟಿನದು. ಕಲ್ಲು ಬಡಿದರೂ ಒಡೆಯದಷ್ಟು ಗಟ್ಟಿ, ಆದರೆ ಬಿಸಿಲಿನ ಅತಿನೇರಳೆ ಕಿರಣ ಅದಕ್ಕೆ ಆಗದು. ಅದಕ್ಕೇ ಕಾರ್ಖಾನೆಯಲ್ಲಿ ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲಿಗೆ ನಿಂತ ಕಾರಿನಲ್ಲಿ ಆ ಲೇಪ ಮೊದಲು ಸೋಲುತ್ತದೆ, ಮುಖ ಹಳದಿಯಾಗಿ ಮಂಜು ಕವಿದಂತಾಗುತ್ತದೆ. ಮೇಲ್ಭಾಗ ಹೆಚ್ಚು, ಕೆಳಭಾಗ ಕಡಿಮೆ. ಬಿಸಿಲು ಬೀಳುವುದು ಹಾಗೆಯೇ. ಪಣಂಬೂರು, ಮಲ್ಪೆಯಂಥ ಕಡಲ ಬದಿಯಲ್ಲಿ ಉಪ್ಪಿನ ಧೂಳು, ಮುರಕಲ್ಲಿನ ಕೆಂಪು ಧೂಳು ಎರಡೂ ಸೇರಿ, ಒಣಬಟ್ಟೆಯಲ್ಲಿ ಒರೆಸಿದಾಗಲೆಲ್ಲ ಲೇಪವನ್ನು ಗೀರುತ್ತವೆ. ಮಂಜಾದ ಮುಖ ಬೆಳಕನ್ನು ಕಡಿಮೆ ಮಾಡುವುದಷ್ಟೇ ಅಲ್ಲ, ಚದುರಿಸುತ್ತದೆ. ರಸ್ತೆಗೆ ಬೀಳಬೇಕಾದ್ದು ಎದುರಿನವನ ಕಣ್ಣಿಗೆ ಹೋಗುತ್ತದೆ.

ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಒಂದೆರಡು ವಾರ ಹೊಳೆಯುತ್ತದೆ, ಅಷ್ಟೇ. ಸತ್ತ ಲೇಪದ ಮೇಲ್ಪದರ ಚೂರು ಹೋಗಿರುತ್ತದೆ, ಹೊಸ ರಕ್ಷಣೆ ಏನೂ ಬಂದಿರುವುದಿಲ್ಲ. ಎಣ್ಣೆ ಗೀರುಗಳನ್ನು ತುಂಬಿ ಹೊಳಪಿನ ಭ್ರಮೆ ಕೊಡುತ್ತದೆ, ಮೊದಲ ಮಳೆಗೆ ಕರಗುತ್ತದೆ. ಸೊಳ್ಳೆ ಓಡಿಸುವ ಕ್ರೀಮು, ಸ್ಪ್ರೇ ಹಚ್ಚುವ ಉಪಾಯವಂತೂ ಕೆಟ್ಟದ್ದು. ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡಿ ಹೊಳಪು ತರಿಸುವುದು.

ಸರಿಯಾದ ವಿಧಾನಕ್ಕೆ ಬೇಕಾದವು: 600, 800, 1000, 1500, 2000, 3000 ನಂಬರಿನ ವಾಟರ್ ಪೇಪರ್ ಒಂದೊಂದು ಹಾಳೆ, ಅಂಗೈಯಷ್ಟು ಸ್ಪಂಜು, ಮಾಸ್ಕಿಂಗ್ ಟೇಪ್, ನೀರಿನ ಸ್ಪ್ರೇ ಬಾಟಲಿ, ಪ್ಲಾಸ್ಟಿಕ್‌ಗೆ ಆಗುವ ಪಾಲಿಶಿಂಗ್ ಕಾಂಪೌಂಡ್, ಕೊನೆಯ ರಕ್ಷಣೆಗೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಸ್ಪ್ರೇ ಲೇಪ) ಅಥವಾ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಎಂಬ ಪಾರದರ್ಶಕ ಫಿಲ್ಮ್. ಒಂದು ಜೊತೆಗೆ ಮೂರು ಗಂಟೆ ಬೇಕು.

ಪೇಪರನ್ನು ಮೊದಲೇ 15 ನಿಮಿಷ ನೀರಿನಲ್ಲಿ ನೆನೆಸಿಡಿ; ಒಣ ಪೇಪರಿನ ಅಂಚು ಆಳದ ಗೀರು ಎಳೆಯುತ್ತದೆ. ದೀಪವನ್ನು ಶಾಂಪೂ ಹಾಕಿ ತೊಳೆಯಿರಿ. ಒಂದು ಕಣ ಮರಳು ಉಳಿದರೂ ಅದು ಪೇಪರಿನಡಿ ಸಿಕ್ಕಿ ಕೆಲಸ ಕೆಡಿಸುತ್ತದೆ. ಸುತ್ತಲಿನ ಬಾನೆಟ್, ಬಂಪರ್, ಫೆಂಡರಿಗೆ ಟೇಪನ್ನು ಎರಡು ಮೂರು ಪದರ ಹಾಕಿ, ಏಕೆಂದರೆ ಒಂದು ಪದರ ಒದ್ದೆ ಪೇಪರಿಗೆ ಹರಿದುಹೋಗುತ್ತದೆ. ಲೇಪ ಸುಲಿಯುತ್ತಿದ್ದರೆ 600ರಿಂದ, ಬರೀ ಹಳದಿಯಾಗಿದ್ದರೆ 800ರಿಂದ ಶುರು. ನೀರಿಗೆ ನಾಲ್ಕು ಹನಿ ಶಾಂಪೂ ಬೆರೆಸಿ, ಒಂದು ಕೈಯಲ್ಲಿ ಚಿಮುಕಿಸುತ್ತಾ ಇನ್ನೊಂದು ಕೈಯಲ್ಲಿ ಸ್ಪಂಜಿಗೆ ಸುತ್ತಿದ ಪೇಪರಿನಿಂದ ಅಡ್ಡಡ್ಡ ಉಜ್ಜಿ.

ಇಲ್ಲಿ ಕಣ್ಣು ನೆಡಬೇಕಾದ್ದು ಕೆಳಗೆ ಇಳಿಯುವ ನೀರಿನ ಮೇಲೆ. ಮೊದಲು ಅದು ಹಳದಿಯಾಗಿ, ಅರಿಶಿನ ತೊಳೆದ ನೀರಿನಂತೆ ಬರುತ್ತದೆ. ಆ ಹಳದಿಯೇ ಸತ್ತ ಲೇಪ. ಬೆರಳಿಗೆ ಕೆಲವು ಕಡೆ ನುಣುಪು, ಕೆಲವು ಕಡೆ ತರಿತರಿ ಎನಿಸುತ್ತದೆ. ನುಣುಪು ಇರುವಲ್ಲಿ ಹಳೆಯ ಲೇಪ ಇನ್ನೂ ಕೂತಿದೆ ಎಂದರ್ಥ. ಉಜ್ಜುತ್ತ ಹೋದಂತೆ ನೀರು ಬಿಳಿಯಾಗಿ, ಅಕ್ಕಿ ತೊಳೆದ ನೀರಿನಂತಾಗುತ್ತದೆ. ಇಡೀ ಮುಖದಿಂದ ಒಂದೇ ಸಮ ಬಿಳಿ ನೀರು ಇಳಿದಾಗ ಲೇಪ ಪೂರ್ತಿ ಹೋಗಿದೆ. ಹೆಚ್ಚಿನವರು ಸೋಲುವುದು ಈ ಹಂತದಲ್ಲೇ: ನಡುಭಾಗ ಶುದ್ಧವಾದ ಕೂಡಲೇ ಮುಂದಿನ ನಂಬರಿಗೆ ಹಾರುತ್ತಾರೆ, ಅಂಚಿನಲ್ಲಿ ಹಳೆಯ ಲೇಪದ ತುಂಡುಗಳು ಉಳಿಯುತ್ತವೆ, ಕೆಲಸ ಮುಗಿದ ಮೇಲೆ ದ್ವೀಪಗಳಂತೆ ಎದ್ದು ಕಾಣುತ್ತವೆ. ಆಗ ಮತ್ತೆ 600ರಿಂದಲೇ ಬರಬೇಕು.

ನಂಬರ್ ಬದಲಿಸಿದಾಗಲೆಲ್ಲ ದಿಕ್ಕು ಬದಲಿಸಿ. 800ರಲ್ಲಿ ಅಡ್ಡ ಉಜ್ಜಿದ್ದರೆ 1000ದಲ್ಲಿ ಉದ್ದ. ಅಡ್ಡಗೀರು ಒಂದೂ ಕಾಣದಾದಾಗ 1000ದ ಕೆಲಸ ಆಯಿತೆಂದು ಲೆಕ್ಕ. ಒಂದೊಂದಕ್ಕೆ ಐದರಿಂದ ಎಂಟು ನಿಮಿಷ ಬೇಕು. ನಡುವೆ ದೀಪವನ್ನೂ ಬಕೆಟನ್ನೂ ತೊಳೆದು ಹೊಸ ನೀರು ತುಂಬಿ, ಹಿಂದಿನ ಪೇಪರಿನ ಒಂದು ಕಣ ಮುಂದಿನದರಲ್ಲಿ ಬರಬಾರದು.

ಎಲ್ಲಿ ನಿಲ್ಲಿಸಬೇಕು ಎಂಬುದು ಕೊನೆಯ ರಕ್ಷಣೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ಕ್ಲಿಯರ್ ಕೋಟ್ ಹೊಡೆಯುವುದಾದರೆ 1000ಕ್ಕೆ ನಿಲ್ಲಿಸಿ. ಮುಖ ಮಂಜುಮಂಜಾಗಿಯೇ ಇರಲಿ. ಆ ಸಣ್ಣ ಗೀರುಗಳನ್ನು ಕೋಟ್ ತುಂಬಿಕೊಳ್ಳುತ್ತದೆ, ಅದಕ್ಕೆ ಹಿಡಿತವೂ ಅವುಗಳಿಂದಲೇ. ಕನ್ನಡಿಯಂತೆ ಪಾಲಿಶ್ ಮಾಡಿ ಅದರ ಮೇಲೆ ಕೋಟ್ ಹೊಡೆದರೆ ಹಿಡಿಯಲು ಏನೂ ಇರುವುದಿಲ್ಲ, ಒಂದೇ ವರ್ಷದಲ್ಲಿ ಹಾವಿನ ಪೊರೆಯಂತೆ ಸುಲಿಯುತ್ತದೆ. ಪಿಪಿಎಫ್ ಅಂಟಿಸುವುದಾದರೆ 3000ದವರೆಗೂ ಹೋಗಿ, ಕಾಂಪೌಂಡ್ ಹಾಕಿ ಪೂರ್ತಿ ತಿಳಿ ಮಾಡಬೇಕು. ಮೆಷೀನಿನಲ್ಲಿ ಪಾಲಿಶ್ ಮಾಡುವವರು ನಿಮಿಷಕ್ಕೆ 1,500 ಸುತ್ತಿನೊಳಗೆ ಇರಲಿ, ಒಂದೇ ಕಡೆ ಒತ್ತಿ ಹಿಡಿಯಬೇಡಿ. ಪ್ಲಾಸ್ಟಿಕ್ ಬಿಸಿಯಾಗಿ ಎಳೆದ ಗುರುತು ಬಿದ್ದರೆ ಮತ್ತೆ ಪೇಪರಿಗೇ ಹೋಗಬೇಕು.

ಕ್ಲಿಯರ್ ಕೋಟಿನಲ್ಲಿ ಎರಡು ಬಗೆ. ಒಂದೇ ದ್ರವದ ಮಾಮೂಲಿ ಸ್ಪ್ರೇ ಬೇಗ ಹಳದಿಯಾಗುತ್ತದೆ. ಡಬ್ಬಿಯ ತಳದ ಗುಂಡಿ ಒತ್ತಿ ಗಟ್ಟಿಗೊಳಿಸುವ ದ್ರವ ಬೆರೆಸುವ ‘2ಕೆ’ ಬಗೆ ಬಾಳುತ್ತದೆ. ಡಬ್ಬಿಯ ಮೇಲೆ ಹೆಡ್‌ಲೈಟಿಗೆ ಅಥವಾ ಪಾಲಿಕಾರ್ಬೊನೇಟಿಗೆ ಆಗುತ್ತದೆಂದು ಬರೆದಿರುವುದನ್ನೇ ಕೊಳ್ಳಿ. ಆದರೆ 2ಕೆಯಲ್ಲಿ ಐಸೊಸಯನೇಟ್ ಇರುತ್ತದೆ, ಅದರ ಮಂಜು ಉಸಿರಿನಲ್ಲಿ ಹೋದರೆ ಆಸ್ತಮಾ ತರಬಲ್ಲದು. ಬಟ್ಟೆಯ ಮಾಸ್ಕ್ ಏನೇನೂ ಸಾಲದು. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್, ಕಣ್ಣಿಗೆ ಗಾಗಲ್ಸ್, ಕೈಗವಸು ಇಲ್ಲದೆ, ಮುಚ್ಚಿದ ಶೆಡ್ಡಿನಲ್ಲಿ, ಮಕ್ಕಳು ಸುತ್ತ ಇರುವಾಗ ಇದನ್ನು ಹೊಡೆಯಲೇಬಾರದು. ಇಷ್ಟು ವ್ಯವಸ್ಥೆ ಮನೆಯಲ್ಲಿ ಇಲ್ಲವೆಂದರೆ ಪಿಪಿಎಫ್ ಆರಿಸಿಕೊಳ್ಳುವುದೇ ಜಾಣತನ.

ಹೊಡೆಯುವ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಅರ್ಧ, ನೀರು ಅರ್ಧ ಬೆರೆಸಿ ಒರೆಸಿ, ಪೂರ್ತಿ ಆರಲು ಬಿಡಿ. ಇದು ಹೆಡ್‌ಲೈಟಿಗೆ ಮಾತ್ರ, ಹಿಂದಿನ ಅಕ್ರಿಲಿಕ್ ದೀಪಕ್ಕಲ್ಲ. 20ರಿಂದ 25 ಸೆಂ.ಮೀ. ದೂರದಿಂದ ಮೊದಲು ಮಂಜು ಹಾಯಿಸಿದಂತೆ ತೆಳು ಕೋಟು. 10 ನಿಮಿಷ ಬಿಟ್ಟು ತುಂಬು ಕೋಟು. ಇನ್ನು 10 ನಿಮಿಷಕ್ಕೆ ಮತ್ತೊಂದು. ಒಂದೇ ಸಲಕ್ಕೆ ದಪ್ಪ ಹೊಡೆದರೆ ಇಳಿಜಾರಿನಲ್ಲಿ ಕಣ್ಣೀರಿನಂತೆ ಸುರಿದು ನಿಲ್ಲುತ್ತದೆ. 24 ಗಂಟೆ ನೀರು ಸೋಕಬಾರದು, ವಾರದವರೆಗೆ ಉಜ್ಜಿ ತೊಳೆಯಬಾರದು.

ನಮ್ಮ ಊರಿನ ಹವೆಗೆ ಒಂದು ವಿಶೇಷ ಎಚ್ಚರಿಕೆ. ಗಾಳಿಯಲ್ಲಿ ತೇವ ಶೇ 80 ದಾಟಿದಾಗ ಸ್ಪ್ರೇ ಹೊಡೆದರೆ, ದ್ರಾವಕ ಆರುವಾಗ ಮೈ ತಂಪಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಕೋಟು ಹಾಲಿನಂತೆ ಬೆಳ್ಳಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಈ ಕೆಲಸ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಗಿನ ಇಬ್ಬನಿ ಆರಿದ ಮೇಲೆ, ಒಂಬತ್ತು ಹತ್ತು ಗಂಟೆಗೆ ಶುರು ಮಾಡಿ, ಮಧ್ಯಾಹ್ನ ಕಡಲ ಗಾಳಿ ಜೋರಾಗುವ ಮೊದಲು ಕೊನೆಯ ಕೋಟು ಬೀಳಬೇಕು. ಅಂಗಳಕ್ಕೆ ನೀರು ಚಿಮುಕಿಸಿಕೊಂಡರೆ ಕೆಂಪು ಧೂಳು ಏಳುವುದಿಲ್ಲ. ಈಗ ಬೇಸಿಗೆಯ ಕೊನೆಯಲ್ಲಿ ಇರುವವರು, ಮೇ ಕೊನೆಯ ವಾರಗಳಲ್ಲಿ ಬರುವ ತುಳುನಾಡಿನ ಪತ್ತನಾಜೆಯ ಹೊತ್ತಿಗೆ ಮುಗಿಸಬೇಕೆಂದಿದ್ದರೆ, ಕೋಟಿನ ಬದಲು ಪಿಪಿಎಫ್ ಅಂಟಿಸಿ.

ಪಿಪಿಎಫ್ 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಫಿಲ್ಮ್. ಅರ್ಧ ಲೀಟರ್ ನೀರಿಗೆ ಐದು ಹನಿ ಬೇಬಿ ಶಾಂಪೂ ಬೆರೆಸಿ ದೀಪಕ್ಕೂ ಫಿಲ್ಮಿನ ಅಂಟಿಗೂ ಧಾರಾಳ ಸಿಂಪಡಿಸಿ, ಜಾರಿಸಿ ಕೂರಿಸಿ, ನಡುವಿನಿಂದ ಹೊರಕ್ಕೆ ನೀರು ಹಿಂಡಿ ತೆಗೆಯಿರಿ. ಮೂಲೆಗಳಲ್ಲಿ ಡ್ರೈಯರ್ ತೋರಿಸಿ ಎಳೆದು ಕೂರಿಸಬೇಕು. ಅಂಚಿನಿಂದ 2 ಮಿ.ಮೀ. ಒಳಗೇ ಫಿಲ್ಮ್ ಮುಗಿಯಲಿ. ಅಂಚಿಗೆ ಹೊಂದಿ ಕತ್ತರಿಸಿದರೆ ಉಪ್ಪು ಧೂಳು ಅಡಿಗೆ ಸೇರಿ ಎಬ್ಬಿಸುತ್ತದೆ. ಕಡಲ ಬದಿಯ ಬಾವಿಯ ಉಪ್ಪು ನೀರನ್ನು ಇದಕ್ಕೆ ಬಳಸಬೇಡಿ, ಆರಿದ ಮೇಲೆ ಕಲೆ ಉಳಿಯುತ್ತದೆ.

ಮಂಜಿಗೆಂದು ಹಳದಿ ಫಿಲ್ಮ್ ಅಂಟಿಸುವವರಿಗೂ ಒಂದು ಮಾತು. ಚಾರ್ಮಾಡಿ, ಆಗುಂಬೆಯ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಅವು ಬಿಳಿಯನ್ನೂ ಹಳದಿಯನ್ನೂ ಒಂದೇ ರೀತಿ ಚದುರಿಸುತ್ತವೆ. ಫಾಗ್ ಲ್ಯಾಂಪಿನ ಗುಟ್ಟು ಅದರ ಬಣ್ಣದಲ್ಲಿಲ್ಲ, ಕೆಳಗೆ ಕೂತು ಅಗಲವಾಗಿ ಚಪ್ಪಟೆ ಬೆಳಕು ಬೀರುವುದರಲ್ಲಿದೆ. ಹೆಡ್‌ಲೈಟಿಗೆ ಹಳದಿ ಹೊದಿಸಿದರೆ ಇದ್ದ ಬೆಳಕೂ ಕಡಿಮೆಯಾಗುವುದೇ ಲಾಭ. ಘಾಟಿಯಲ್ಲಿ ಡಿಮ್ ಹಾಕಿ ನಿಧಾನ ಹೋಗಿ.

ದೀಪವನ್ನು ಬಿಸಿ ಒಲೆಯಲ್ಲಿಟ್ಟು ಅಂಟು ಕರಗಿಸಿ, ಬಿಚ್ಚಿ, ಒಳಗಿನ ಬೆಳ್ಳಿ ಅಂಚಿಗೆ ಕಪ್ಪು ಬಳಿಯುವುದೂ ನಡೆಯುತ್ತಿದೆ. ಮತ್ತೆ ಕೂಡಿಸಿದ ಆ ಅಂಟು ಕಾರ್ಖಾನೆಯ ಹಿಡಿತಕ್ಕೆ ಬರುವುದು ಕಷ್ಟ. ತುಳುವಿನ ಆಟಿ ತಿಂಗಳಿನಲ್ಲಿ (ಜುಲೈ–ಆಗಸ್ಟ್) ಒಂದು ವಾರ ಬಿಡದೆ ಮಳೆ ಸುರಿದರೆ ದೀಪದೊಳಗೆ ನೀರು ಕಟ್ಟುತ್ತದೆ, ಬೆಳ್ಳಿ ಲೇಪ ಕಪ್ಪಾಗಿ ಸುಲಿಯುತ್ತದೆ. ಆಮೇಲೆ ಉಜ್ಜಿ ಸರಿಮಾಡುವ ದಾರಿಯೇ ಇಲ್ಲ.

ಕೆಲಸಕ್ಕಾಗಿ ದೀಪ ಬಿಚ್ಚಿದ್ದರೆ ಬೆಳಕಿನ ದಿಕ್ಕು ನೋಡಲು ಮರೆಯಬೇಡಿ. ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ, ಹೆಡ್‌ಲೈಟಿನ ಎತ್ತರ ಹೊಂದಿಸುವ ಲೆವೆಲ್ ಸ್ವಿಚ್ ಸೊನ್ನೆಯಲ್ಲಿರಲಿ, ಟಯರಿನ ಗಾಳಿ ಸರಿಯಿರಲಿ. ಡಿಮ್ ಬೆಳಕಿನ ಮೇಲಂಚು ಗೋಡೆಯ ಮೇಲೆ ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬೀಳಬೇಕು.

ಸಂಬಂಧಪಟ್ಟವರಲ್ಲಿ ಒಂದು ಬೇಡಿಕೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುವುದರಿಂದ ಅಲ್ಲಿಯವರೆಗೆ ಅದರ ದೀಪವನ್ನು ಯಾರೂ ಕಡ್ಡಾಯವಾಗಿ ನೋಡುವುದಿಲ್ಲ. ಆದರೆ ಹೊಗೆ ತಪಾಸಣೆಗೆ ಹೊಗೆ ಬಿಡುವ ಕಾರುಗಳು ನಿಯಮಿತವಾಗಿ ಹೋಗಲೇಬೇಕು. ಎರಡೂ ಜಿಲ್ಲೆಗಳ ಪ್ರಾದೇಶಿಕ ಸಾರಿಗೆ ಕಚೇರಿಗಳು ಹೊಗೆ ತಪಾಸಣಾ ಕೇಂದ್ರಗಳಿಗೆ ಹೇಳಿ, ಸೈಲೆನ್ಸರಿಗೆ ನಳಿಗೆ ಹಾಕಲು ಹೇಗೂ ಕಾರಿನ ಹಿಂದೆ ನಿಲ್ಲುವ ಸಿಬ್ಬಂದಿ ಅದೇ ಹೊತ್ತಿಗೆ ಒಮ್ಮೆ ಬ್ರೇಕ್ ಒತ್ತಿಸಿ, ಇಂಡಿಕೇಟರ್ ಹಾಕಿಸಿ ನೋಡಿ, ಮಾಲೀಕರಿಗೆ ಒಂದು ಚೀಟಿ ಬರೆದುಕೊಡುವ ವ್ಯವಸ್ಥೆ ಮಾಡಲಿ. ಅರ್ಧ ನಿಮಿಷದ ಕೆಲಸ. ಸಂಚಾರ ಪೊಲೀಸರು ಮೇ ತಿಂಗಳಲ್ಲಿ ನಂತೂರು, ಪಂಪ್‌ವೆಲ್, ಸಂತೆಕಟ್ಟೆಯಂಥ ಕಡೆ ಒಂದು ವಾರ ದೀಪಗಳನ್ನೇ ನೋಡಲಿ, ಮೊದಲ ಸಲಕ್ಕೆ ದಂಡ ಹಾಕದೆ ಫಿಲ್ಮ್ ಅಲ್ಲೇ ಕೀಳಿಸಿ ಕಳಿಸಲಿ. ಬಿಡಿಭಾಗದ ಅಂಗಡಿಯವರು ಸ್ಮೋಕ್ ಫಿಲ್ಮ್ ಮಾರುವಾಗ ಅದು ಶೇ ಎಷ್ಟು ಬೆಳಕು ಬಿಡುತ್ತದೆ ಎಂದು ಹೇಳಿ ಮಾರಲಿ, ಕೇಳಿದವರಿಗೆ 3000 ನಂಬರಿನ ವಾಟರ್ ಪೇಪರನ್ನೂ ಇಟ್ಟುಕೊಂಡಿರಲಿ. ಈಗ ಅದು ಸಣ್ಣ ಪೇಟೆಗಳಲ್ಲಿ ಹುಡುಕಿದರೂ ಸುಲಭಕ್ಕೆ ಸಿಗುತ್ತಿಲ್ಲ.

— ಓರ್ವ ಆಟೊ ಎಲೆಕ್ಟ್ರಿಷಿಯನ್, ಸುರತ್ಕಲ್